ಒಂದೇ ಮನೆಯ ಎರಡು ದುಃಖಗಳು: ‘ಕೋಬಾಲ್ಟ್ ಬ್ಲೂ’ ಕಾದಂಬರಿ

ಭಾರತೀಯ ಭಾಷೆಗಳಲ್ಲಿ ಪ್ರೇಮಕಥೆಗಳಿಗೆ ಬರವಿಲ್ಲ. ಆದರೆ ಗಂಡೊಬ್ಬನು ಇನ್ನೊಬ್ಬ ಗಂಡನ್ನು ಪ್ರೀತಿಸಿದ ಕಥೆಯನ್ನು ಅಬ್ಬರವಿಲ್ಲದೆ, ಮಧ್ಯಮವರ್ಗದ ಮನೆಯ ನಿತ್ಯಜೀವನದೊಳಗಿಟ್ಟು ಹೇಳಿದ ಕೃತಿಗಳು ವಿರಳ. ಸಚಿನ್ ಕುಂಡಲಕರ್ ಅವರ ಮರಾಠಿ ಕಾದಂಬರಿ ‘ಕೋಬಾಲ್ಟ್ ಬ್ಲೂ’ ಅಂಥದ್ದೊಂದು ಕೃತಿ. 2006ರಲ್ಲಿ ಪ್ರಕಟವಾದ ಇದನ್ನು ಜೆರ್ರಿ ಪಿಂಟೋ ಅವರು ಇಂಗ್ಲಿಷಿಗೆ ಅನುವಾದಿಸಿದರು. ಆ ಅನುವಾದ 2013ರಲ್ಲಿ ಹೊರಬಂದಿತು. 2022ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಹಿಂದಿ ಚಿತ್ರವು ಕಥೆಯನ್ನು ಕೇರಳದ ಕೊಚ್ಚಿಗೆ ಸ್ಥಳಾಂತರಿಸಿದೆ. ಮೂಲ ಕಾದಂಬರಿ ನಡೆಯುವುದು ಪುಣೆಯಲ್ಲಿ.

ಜೋಶಿ ಕುಟುಂಬದವರು ತಮ್ಮ ಮನೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಡುತ್ತಾರೆ. ಅಲ್ಲಿಗೆ ಬರುವ ಯುವಕ ಚಿತ್ರಕಾರ, ಹಿಂದುಮುಂದಿಲ್ಲದವನು. ಕಾದಂಬರಿಯುದ್ದಕ್ಕೂ ಅವನಿಗೆ ಹೆಸರೇ ಇಲ್ಲ. ಮನೆಯ ಕಿರಿಯ ಮಗ ತನಯ್ ಅವನನ್ನು ಪ್ರೀತಿಸುತ್ತಾನೆ. ಮಗಳು ಅನುಜಾಳೂ ಅವನನ್ನೇ ಪ್ರೀತಿಸುತ್ತಾಳೆ. ಒಬ್ಬರ ಪ್ರೇಮ ಇನ್ನೊಬ್ಬರಿಗೆ ತಿಳಿಯದು. ಒಂದು ದಿನ ಅನುಜಾ ಅವನೊಡನೆ ಮನೆ ಬಿಟ್ಟು ಹೋಗುತ್ತಾಳೆ. ಕೆಲವು ತಿಂಗಳ ಬಳಿಕ ಒಬ್ಬಳೇ ಹಿಂತಿರುಗುತ್ತಾಳೆ. ಅವನು ಅವಳನ್ನೂ ತೊರೆದು ಹೋಗಿರುತ್ತಾನೆ.

ಕೃತಿಯಲ್ಲಿ ಎರಡು ಭಾಗಗಳಿವೆ. ಮೊದಲನೆಯದರಲ್ಲಿ ತನಯ್, ಹೊರಟುಹೋದ ಪ್ರಿಯನನ್ನೇ ‘ನೀನು’ ಎಂದು ಸಂಬೋಧಿಸುತ್ತಾ ನೆನಪುಗಳನ್ನು ಹಿಂದುಮುಂದಾಗಿ ಬಿಚ್ಚಿಡುತ್ತಾನೆ. ಎರಡನೆಯದು ಅನುಜಾಳ ದಿನಚರಿ. ಓದುಗರಿಗೆ ಇಬ್ಬರ ಮನಸ್ಸೂ ತಿಳಿಯುತ್ತದೆ, ಮನೆಯವರಿಗೆ ಮಾತ್ರ ತಿಳಿಯುವುದಿಲ್ಲ. ಕೃತಿಯ ಮರ್ಮವಿರುವುದು ಇಲ್ಲಿಯೇ. ಮಗಳು ಮಾಡಿದ್ದು ತಪ್ಪೆಂದು ಮನೆಯವರು ಸಿಡಿಮಿಡಿಗೊಂಡರೂ ಅವಳಿಗೊಂದು ದುಃಖವಿದೆಯೆಂದು ಒಪ್ಪುತ್ತಾರೆ. ಮನೋವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ಅದೇ ವ್ಯಕ್ತಿಯನ್ನು ಕಳೆದುಕೊಂಡ ಮಗ ಅದೇ ಸೂರಿನಡಿ ಮೌನವಾಗಿ ಕುದಿಯುತ್ತಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಅವನ ಪ್ರೇಮಕ್ಕೆ ಆ ಮನೆಯಲ್ಲಿ ಹೆಸರಿಲ್ಲವಾದ್ದರಿಂದ ದುಃಖಕ್ಕೂ ಹೆಸರಿಲ್ಲ. ಅವನು ಹೆತ್ತವರೊಡನೆ ಬಾಯಿ ಬಿಡಲಾರ. ಕಡೆಗೆ ಮುಂಬಯಿಯ ದಾರಿ ಹಿಡಿಯುತ್ತಾನೆ.

ಈ ತಂದೆತಾಯಂದಿರು ಕ್ರೂರಿಗಳಲ್ಲ. ನಮ್ಮ ನಿಮ್ಮಂತೆಯೇ ಮಕ್ಕಳ ಓದು, ನೌಕರಿ, ಮದುವೆಗಳ ಚಿಂತೆಯಲ್ಲಿರುವವರು. ಅವರು ಕೇಳಲಿಲ್ಲ, ಆದ್ದರಿಂದ ಮಗ ಹೇಳಲಿಲ್ಲ. ಸಲಿಂಗಪ್ರೇಮಿಯಾದ ಮಗನೋ ಮಗಳೋ ತನ್ನ ಮನಸ್ಸನ್ನು ಮನೆಯವರಿಗೆ ತಿಳಿಸುವುದು ಕೇವಲ ಅವರೊಬ್ಬರ ಧೈರ್ಯದ ಪ್ರಶ್ನೆಯಲ್ಲ, ಕೇಳಿಸಿಕೊಳ್ಳುವ ಕಿವಿಗಳೂ ಇರಬೇಕು ಎಂಬುದನ್ನು ಕಾದಂಬರಿ ಉಪದೇಶವಿಲ್ಲದೆಯೇ ಮನಗಾಣಿಸುತ್ತದೆ.

ಈ ಕೃತಿ ಪ್ರಕಟವಾದಾಗ ದಂಡಸಂಹಿತೆಯ 377ನೆಯ ವಿಧಿಯನ್ವಯ ಇಂಥ ಸಂಬಂಧವು ಅಪರಾಧವಾಗಿತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರ ನಡುವಿನ ಸಮ್ಮತಿಯ ಸಂಬಂಧವನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. ವಿವಾಹದ ಮಾನ್ಯತೆಯನ್ನು ಮಾತ್ರ 2023ರ ಅಕ್ಟೋಬರಿನ ತೀರ್ಪು ನೀಡಲಿಲ್ಲ. ಬ್ಯಾಂಕಿನಲ್ಲಿ ದುಡಿಯುವ ನಾನು ಗಮನಿಸಿದ ಇನ್ನೊಂದು ಬದಲಾವಣೆಯಿದೆ: ಇಂಥ ಸಂಗಾತಿಗಳು ಜಂಟಿ ಖಾತೆ ತೆರೆಯಲು, ಪರಸ್ಪರರನ್ನು ನಾಮಿನಿಯಾಗಿ ಸೂಚಿಸಲು ಯಾವ ನಿರ್ಬಂಧವೂ ಇಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಬ್ಯಾಂಕಿನ ಅರ್ಜಿಯಲ್ಲಿ ಬರೆಯಬಹುದಾದ ಹೆಸರನ್ನು ಮನೆಯಲ್ಲಿ ಉಚ್ಚರಿಸಲಾಗದ ಮಕ್ಕಳು ಇಂದಿಗೂ ಇರಬಹುದಲ್ಲವೇ?

ಕನ್ನಡದಲ್ಲಿ ವಸುಧೇಂದ್ರ ಅವರ ‘ಮೋಹನಸ್ವಾಮಿ’ ಕಥಾಸಂಕಲನ 2013ರಲ್ಲಿಯೇ ಈ ಬದುಕಿಗೆ ಮಾತು ಕೊಟ್ಟಿದೆ. ಅದನ್ನು ಓದಿ ಮೆಚ್ಚಿದವರಿಗೆ ‘ಕೋಬಾಲ್ಟ್ ಬ್ಲೂ’ ಸಹಜವಾದ ಮುಂದಿನ ಓದು. ಮುಂಬಯಿ, ಪುಣೆಗಳಲ್ಲಿ ಬೇರೂರಿ ಮರಾಠಿಯನ್ನೂ ತಮ್ಮದಾಗಿಸಿಕೊಂಡ ಕನ್ನಡಿಗರು ಮೂಲವನ್ನೇ ಓದಬಹುದು. ಉಳಿದವರಿಗೆ ಇಂಗ್ಲಿಷ್ ಅನುವಾದವಿದೆ. ಪುಟಗಳು ಹೆಚ್ಚಿಲ್ಲ, ಒಂದೆರಡು ರಜಾದಿನಗಳಲ್ಲಿ ಮುಗಿಯುತ್ತದೆ. ಓದಿದ ಮೇಲೆ ಕಪಾಟಿನೊಳಗೆ ಬಚ್ಚಿಡದೆ, ಮನೆಮಂದಿಯ ಕಣ್ಣಿಗೆ ಬೀಳುವಲ್ಲಿ ಇಡಿರಿ. ಮಾತನಾಡಲು ಹಿಂಜರಿಯುತ್ತಿರುವವರು ಮನೆಯಲ್ಲಿ ಯಾರಾದರೂ ಇದ್ದರೆ, ಇಲ್ಲಿ ಮಾತನಾಡಬಹುದೆಂದು ಅವರಿಗೆ ಅಷ್ಟರಿಂದಲೇ ತಿಳಿದೀತು.