ಹೈಡ್ರಾಲಿಕ್ ಪೈಪ್ ಕೂರ್ತಿಲ್ವಾ? ಸುತ್ತಿಗೆ ಬೇಡ

ಬೆಳಗ್ಗೆ ಬಿಚ್ಚಿಟ್ಟ ರಿವರ್ಸಿಬಲ್ ನೇಗಿಲಿನ ಪೈಪ್ ಮಧ್ಯಾಹ್ನ ಕಪ್ಲರ್‌ಗೆ ಕೂರೋದೇ ಇಲ್ಲ ಅಂತ ತುಂಬಾ ಜನ ಕೇಳ್ತೀರಿ. ಬಿಸಿಲಿಗೆ ಒಳಗಿನ ಆಯಿಲ್ ಕಾದು ಹಿಗ್ಗಿ ಒತ್ತಡ ಕಟ್ಟಿರುತ್ತೆ. ಸುತ್ತಿಗೆಯಲ್ಲಿ ಹೊಡೆದರೆ ಕಪ್ಲರ್ ಹಾಳು, ಅಷ್ಟೇ.

ನಾನು ಇಂಜಿನ್ ಆಫ್ ಮಾಡಿ ಲಿವರನ್ನು ಹಿಂದೆಮುಂದೆ ನಾಲ್ಕೈದು ಸಲ ಆಡಿಸ್ತೀನಿ. ಟ್ರ್ಯಾಕ್ಟರ್ ಕಡೆಯ ಒತ್ತಡ ಇಳಿಯುತ್ತೆ. ಆಗಲೂ ಕೂರದಿದ್ದರೆ ಪೈಪು, ಸಿಲಿಂಡರ್ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ತಣಿಯಲು ಬಿಡ್ತೀನಿ. ಎತ್ತಿ ನಿಲ್ಲಿಸಿದ ಟ್ರಾಲಿಯ ನಟ್ ಮಾತ್ರ ಸಡಿಲಿಸಲೇಬೇಡಿ, ಟ್ರಾಲಿ ಧೊಪ್ಪನೆ ಬೀಳುತ್ತೆ.

ಮುಂದಿನ ಸಲ ನೇಗಿಲನ್ನು ನೆಲಕ್ಕಿಳಿಸಿ, ಇಂಜಿನ್ ಆಫ್ ಮಾಡಿ, ಲಿವರ್ ಆಡಿಸಿಯೇ ಪೈಪ್ ಬಿಚ್ಚಿ.

ಸೋರಿಕೆಯನ್ನು ಬೆರಳಿಟ್ಟು ಹುಡುಕಬೇಡಿ, ರಟ್ಟು ಹಿಡಿಯಿರಿ. ಒತ್ತಡದ ಆಯಿಲ್ ಚರ್ಮ ತೂರಿ ಒಳಹೋದರೆ, ಗಾಯ ಸೂಜಿಮೊನೆಯಷ್ಟೇ ಇದ್ದರೂ, ನೋವಿಲ್ಲದಿದ್ದರೂ, ತಕ್ಷಣ ಆಪರೇಷನ್ ಮಾಡುವಂಥ ಆಸ್ಪತ್ರೆಗೇ ಹೋಗಿ, ಆಯಿಲ್ ಒಳಹೋಗಿದೆ ಅಂತ ಡಾಕ್ಟರಿಗೆ ಹೇಳಿ.