ಬೂದಿ ಅಂದರೆ ಸಾಂಬಲ್, ತಿರುನೀರಲ್ಲ

ನಮ್ಮ ಮೊರಪ್ಪೂರಿನ ಕಡೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವವರಿದ್ದಾರೆ. ಅಂಥವರಿಗೆ 'ನನ್ನ ದೇಹದ ಬೂದಿ' ಕವನ ಓದಿ ತಮಿಳಿನಲ್ಲಿ ಅರ್ಥ ಹೇಳಹೊರಟರೆ ಮೊದಲ ತೊಡಕೇ 'ಬೂದಿ'. ತಿರುನೀರು ಅಂದರೆ ಕೆಟ್ಟಿತು, ಸಾಂಬಲ್ ಅನ್ನಬೇಕು. ಒಲೆಯಿಂದ ಬಾಚಿ ತಿಪ್ಪೆಗೆ ಹಾಕುತ್ತೇವಲ್ಲ, ಆ ಬೂದಿಯೇ ಇದು.

ಬರೆದವರು ಅಂಕೋಲೆ ಕಡೆಯ ದಿನಕರ ದೇಸಾಯಿ (1909-1982). ಚುಟುಕಗಳಿಗೆ ಹೆಸರಾದವರು, ಉತ್ತರ ಕನ್ನಡದ ರೈತರನ್ನು ಸಂಘಟಿಸಿದವರು. 1967ರಲ್ಲಿ ಲೋಕಸಭೆಗೂ ಹೋದರು. ಗೊಬ್ಬರದ ಬೆಲೆ ಗೊತ್ತಿದ್ದ ಕವಿ ಅನ್ನಿ.

ಕಟ್ಟು ಸರಳ. ಮೂರು ನುಡಿ, ನುಡಿಗೆ ನಾಲ್ಕು ಸಾಲು. ಪ್ರತಿ ನುಡಿಯೂ ಒಂದೇ ಮಾತಿನಿಂದ ಶುರುವಾಗಿ ಒಂದೇ ಸಾಲಿಗೆ ಬಂದು ನಿಲ್ಲುತ್ತದೆ. ಎರಡನೆಯ ಸಾಲಿಗೂ ನಾಲ್ಕನೆಯದಕ್ಕೂ ಪ್ರಾಸ. ಬದಲಾಗುವುದು ನಡುವಿನದು: ಗಾಳಿಗೆ ತೂರಿದ್ದು ಭತ್ತಕ್ಕೆ, ಹೊಳೆಗೆ ಬಿಟ್ಟದ್ದು ಮೀನಿಗೆ, ಕೊಳಕ್ಕೆ ಹಾಕಿದ್ದು ತಾವರೆಗೆ. ನೋಡಿ, ಮೊದಲೆರಡೂ ಹೊಟ್ಟೆಯ ಮಾತು, ಹೂವು ಕೊನೆಗೆ. ಹೂವು ಮೊದಲು ಬಂದಿದ್ದರೆ ಬರಿಯ ಅಲಂಕಾರ ಆಗಿಬಿಡುತ್ತಿತ್ತು ಅಂತ ನನಗನ್ನಿಸುತ್ತದೆ.

ಸಾವಿನ ಕವನವಾದರೂ ಅಳು ಇಲ್ಲ, ಕಾಶಿ-ಮೋಕ್ಷದ ಮಾತೂ ಇಲ್ಲ. ಸಂಜೆ ಜಗಲಿ ಮೇಲೆ ಕೂತ ಅಪ್ಪ, ಮಗನಿಗೆ ನಾಳೆಯ ಹೊಲದ ಕೆಲಸ ಒಪ್ಪಿಸುವ ಧಾಟಿ. ಭಾವಗೀತೆಯಾಗಿ ಹಾಡಿದಾಗ ಆ ಕೊನೆ ಸಾಲು ಮೂರನೇ ಸಲ ಬರುವಷ್ಟರಲ್ಲಿ ಗಂಟಲು ಕಟ್ಟುತ್ತದೆ.

ಈ ಸೀಮೆಗೆ ಭತ್ತಕ್ಕಿಂತ ರಾಗಿ ಹತ್ತಿರ. ನೆಲ್ಲು ಬಿಟ್ಟು ಕೇಳ್ವರಗು ಅಂದರೂ ಅರ್ಥ ಕೆಡದು. ಮೀನಿನ ನುಡಿಗೆ ಮಾತ್ರ ಕೆಲವರು ಮುಖ ಸಿಂಡರಿಸಿಯಾರು. ದೇಸಾಯಿಯವರು ಕರಾವಳಿಯವರು, ಅದನ್ನು ಹೇಗೆ ಬಿಟ್ಟಾರು?