ಡೇನಿಯಲ್ ಬೂನನ ನೆಲ

ಕಾಡನ್ನು ಕಡಿದು ಹೊಲ ಮಾಡಿದವನಿಗೇ ಆ ಹೊಲವು ಸೇರಬೇಕೆಂಬುದು ಲೋಕದ ಸಹಜವಾದ ಭಾವನೆ. ಈ ಭಾವನೆಯು ಎಲ್ಲ ಕಾಲದಲ್ಲಿಯೂ ನಿಜವಾಗುವುದಿಲ್ಲವೆಂಬುದಕ್ಕೆ ಅಮೆರಿಕಾ ದೇಶದ ಡೇನಿಯಲ್ ಬೂನನ ಜೀವನವೇ ಸಾಕ್ಷಿ. ಕೆಂಟಕಿ ಸೀಮೆಗೆ ದಾರಿಯನ್ನು ಕಡಿದವನು ಆತ. ಅಲ್ಲಿಯ ಕೋಟೆಯನ್ನು ಕಾದವನೂ ಆತನೇ. ಆದರೂ ಆ ಸೀಮೆಯನ್ನು ಬಿಟ್ಟು ಹೊರಡುವಾಗ ತನ್ನದೆಂದು ಹೇಳಿಕೊಳ್ಳುವಷ್ಟು ನೆಲವು ಅವನಿಗೆ ಉಳಿದಿರಲಿಲ್ಲ. ಇದು ಹೇಗಾಯಿತೆಂಬುದನ್ನು ವಿಚಾರಮಾಡೋಣ.

ಬೂನನು ಹುಟ್ಟಿದುದು 1734ರಲ್ಲಿ, ಪೆನ್ಸಿಲ್ವೇನಿಯಾ ಪ್ರಾಂತದ ಒಂದು ಕ್ವೇಕರ್ ಕುಟುಂಬದಲ್ಲಿ. ತರುವಾಯ ಆ ಕುಟುಂಬವು ಉತ್ತರ ಕೆರೊಲಿನಾದ ಯಾಡ್ಕಿನ್ ನದಿಯ ಕಣಿವೆಗೆ ಬಂದು ನೆಲಸಿತು. ಹುಡುಗನು ಶಾಲೆಯಲ್ಲಿ ಕಲಿತುದು ಅಲ್ಪ. ಕಾಡಿನಲ್ಲಿ ಕಲಿತುದು ಬಹಳ. 1755ರಲ್ಲಿ ಇಂಗ್ಲಿಷರು ಫ್ರೆಂಚರ ಮೇಲೆ ದಂಡೆತ್ತಿದಾಗ ಅವನು ಜನರಲ್ ಬ್ರಾಡಕ್ಕನ ಸೈನ್ಯದಲ್ಲಿ ಬಂಡಿ ಹೊಡೆಯುವವನಾಗಿ ಹೋಗಿ, ಆ ಸೈನ್ಯದ ಸೋಲನ್ನು ಕಣ್ಣಾರೆ ಕಂಡನು. 1769ರಲ್ಲಿ ಕಂಬರ್ಲೆಂಡ್ ಕಣಿವೆಯ ಮಾರ್ಗವಾಗಿ ಬೆಟ್ಟಗಳನ್ನು ದಾಟಿ ಕೆಂಟಕಿಯ ಬೇಟೆಗಾಡುಗಳಲ್ಲಿ ಸಂಚರಿಸಿದನು.

1775ರಲ್ಲಿ ರಿಚರ್ಡ್ ಹೆಂಡರ್ಸನ್ನನ ಕಂಪೆನಿಯು ಆ ಸೀಮೆಯ ಬಹುಭಾಗವನ್ನು ಚೆರೊಕೀ ಜನರಿಂದ ಕ್ರಯಕ್ಕೆ ಕೊಂಡಿತು. ಬೂನನು ಸುಮಾರು 30 ಮಂದಿ ಕೊಡಲಿಯಾಳುಗಳೊಡನೆ ಮುಂದೆ ನಡೆದು ದಾರಿ ಕಡಿದು, ಕೆಂಟಕಿ ನದಿಯ ದಡದಲ್ಲಿ ಬೂನ್ಸ್‌ಬರೋ ಎಂಬ ಕೋಟೆಗೆ ಬುನಾದಿ ಹಾಕಿದನು. ಆದರೆ ಆ ಕಾಡುಗಳು ಶಾನೀ ಜನರ ಬೇಟೆಯ ಭೂಮಿ. ಈ ಕ್ರಯಕ್ಕೆ ಅವರ ಒಪ್ಪಿಗೆ ಇರಲಿಲ್ಲ. ಅದೇ ಕಾಲಕ್ಕೆ ಅಮೆರಿಕಾದ ಸ್ವಾತಂತ್ರ್ಯ ಯುದ್ಧವೂ ಮೊದಲಾಗಿ, ಬ್ರಿಟಿಷರು ಶಾನೀ ಜನರಿಗೆ ಬೆಂಬಲವಾದರು. 1778ರ ಫೆಬ್ರವರಿಯಲ್ಲಿ ಉಪ್ಪು ಕಾಯಿಸಲು ಹೋದ ತಂಡದೊಡನೆ ಬೂನನು ಸೆರೆಸಿಕ್ಕಿದನು. ಶಾನೀ ನಾಯಕನಾದ ಬ್ಲ್ಯಾಕ್‌ಫಿಷ್ ಅವನನ್ನು ಮಗನಾಗಿ ಸ್ವೀಕರಿಸಿದನು. ಕೋಟೆಯ ಮೇಲೆ ದಾಳಿ ಸಿದ್ಧವಾಗುತ್ತಿದೆಯೆಂದು ತಿಳಿದೊಡನೆ ಬೂನನು ತಪ್ಪಿಸಿಕೊಂಡು, ಸುಮಾರು 160 ಮೈಲಿಗಳನ್ನು ನಾಲ್ಕು ದಿನಗಳಲ್ಲಿ ಕ್ರಮಿಸಿ ಎಚ್ಚರಿಕೆ ಕೊಟ್ಟನು. ಸೆಪ್ಟೆಂಬರಿನ ಮುತ್ತಿಗೆಯಲ್ಲಿ ಕೋಟೆಯು ಉಳಿಯಿತು. ಆದರೂ ಶತ್ರುವಿಗೆ ಒಳಗಾದನೆಂಬ ಆರೋಪದ ಮೇಲೆ ಸೈನಿಕ ನ್ಯಾಯಾಲಯವು ಅವನ ವಿಚಾರಣೆ ನಡೆಸಿ, ನಿರ್ದೋಷಿಯೆಂದು ಬಿಟ್ಟಿತು. ಅವನ ಹಿರಿಯ ಮಗ ಜೇಮ್ಸ್ 1773ರಲ್ಲಿಯೇ ಹತನಾಗಿದ್ದನು. 1782ರ ಬ್ಲೂ ಲಿಕ್ಸ್ ಕಾಳಗದಲ್ಲಿ ಇಸ್ರೇಲ್ ಎಂಬ ಮಗನು ತಂದೆಯ ಕಣ್ಣೆದುರಿಗೇ ಬಿದ್ದನು.

ಇಷ್ಟು ಬೆಲೆ ತೆತ್ತ ನೆಲವು ಕೈತಪ್ಪಿದುದು ಯುದ್ಧದಿಂದಲ್ಲ, ಕಾಗದದಿಂದ. ಕೆಂಟಕಿಯು ಆಗ ವರ್ಜೀನಿಯಾದ ಆಡಳಿತಕ್ಕೆ ಸೇರಿದ್ದಿತು. ಆ ಸರ್ಕಾರವು 1778ರಲ್ಲಿ ಹೆಂಡರ್ಸನ್ನನ ಕ್ರಯವನ್ನೇ ರದ್ದುಮಾಡಿತು. 1779ರ ಕಾನೂನಿನ ಮೇರೆಗೆ ನೆಲ ಪಡೆಯುವವನು ನಾಲ್ಕು ಮೆಟ್ಟಲುಗಳನ್ನು ಏರಬೇಕಾಗಿದ್ದಿತು: ಮೊದಲು ಇಷ್ಟು ಎಕರೆಗೆಂದು ಪರವಾನೆ ಪಡೆಯುವುದು, ಅನಂತರ ಜಾಗವನ್ನು ಗೊತ್ತುಮಾಡಿ ದಾಖಲೆ ಬರೆಯಿಸುವುದು, ಆ ಮೇಲೆ ಮೋಜಣಿ ಮಾಡಿಸುವುದು, ಕಡೆಗೆ ಸರ್ಕಾರದ ಸನದು. ಒಂದು ಮೆಟ್ಟಲು ತಪ್ಪಿದರೂ ಹಕ್ಕು ಜಾರುವುದು. ಇದರ ಮೇಲೆ, ಮುಂಚಿತವಾಗಿ ಸರ್ಕಾರವೇ ಇಡೀ ಸೀಮೆಯನ್ನು ಅಳೆದಿರಲಿಲ್ಲ. ಮರ, ಹಳ್ಳ, ಬಂಡೆಗಳೇ ಚಕ್ಕುಬಂದಿಯ ಗುರುತುಗಳು. ಮರ ಬಿದ್ದರೆ ಎಲ್ಲೆಯೂ ಹೋಯಿತು. ಹೀಗಾಗಿ ಒಬ್ಬನ ಹಕ್ಕಿನ ಮೇಲೆ ಇನ್ನೊಬ್ಬನ ಹಕ್ಕು, ಮನೆಯ ಹಂಚಿನಂತೆ, ಒಂದರ ಮೇಲೊಂದು ಕುಳಿತು ವ್ಯಾಜ್ಯಗಳು ಬೆಳೆದುವು.

ಬೂನನು ಸಾವಿರಾರು ಎಕರೆಗಳಿಗೆ ಹಕ್ಕು ಸಾಧಿಸಿದ್ದುದು ನಿಜ. ಆದರೆ ಬರೆಹದ ವ್ಯವಹಾರದಲ್ಲಿ ಅವನಿಗೆ ಜಾಗರೂಕತೆ ಸಾಲದು. 1780ರಲ್ಲಿ ಪರವಾನೆಗಳನ್ನು ಕೊಳ್ಳಲು ನೆರೆಯವರು ಒಪ್ಪಿಸಿದ್ದ ಹಣವು ವರ್ಜೀನಿಯಾದ ಒಂದು ತಂಗುಮನೆಯಲ್ಲಿ ಅವನು ಮಲಗಿದ್ದಾಗ ಕಳುವಾಯಿತು. ತಾನೇ ಮೋಜಣಿದಾರನಾಗಿ ಅಳೆದ ನೆಲಗಳ ವಿಷಯದಲ್ಲಿಯೂ ದಾವೆಗಳು ಬಂದುವು. ಸಾಲ ತೀರಿಸಲು ನೆಲ ಮಾರಿದನು. ಮಾರಿದ ನೆಲದ ಹಕ್ಕು ನಿಲ್ಲದಿದ್ದಾಗ ಕೊಂಡವರಿಗೂ ಉತ್ತರವಾದಿಯಾದನು. 1798ರಲ್ಲಿ ಕೆಂಟಕಿಯ ಶಾಸನಸಭೆಯು ಒಂದು ಜಿಲ್ಲೆಗೆ ಬೂನನ ಹೆಸರನ್ನಿಟ್ಟಿತು. ಅದೇ ವರ್ಷ ನ್ಯಾಯಾಲಯದ ಕರೆಗೆ ಓಗೊಡಲಿಲ್ಲವೆಂದು ಅವನನ್ನು ಹಿಡಿಯಲು ವಾರಂಟೂ ಹೊರಟಿತು.

1799ರಲ್ಲಿ, ಸುಮಾರು 65ರ ವಯಸ್ಸಿನಲ್ಲಿ, ಅವನು ಸ್ಪೇನಿನ ಅಧೀನದಲ್ಲಿದ್ದ ಮಿಸೌರಿಗೆ ತೆರಳಿದನು. ಅಲ್ಲಿಯ ಅಧಿಕಾರಿಗಳು ಗೌರವದಿಂದ ಸುಮಾರು 850 ಎಕರೆ ಕೊಟ್ಟರು. 1803ರಲ್ಲಿ ಆ ಸೀಮೆಯನ್ನು ಅಮೆರಿಕಾ ಕೊಂಡಾಗ, ದಾಖಲೆಯು ಅಪೂರ್ಣವೆಂದು ಆ ಹಕ್ಕೂ ಬಿದ್ದುಹೋಯಿತು. 1814ರಲ್ಲಿ ಕಾಂಗ್ರೆಸ್ ಸಭೆಯು ಆ ನೆಲವನ್ನು ಹಿಂದಿರುಗಿಸಿತು. ಅದರ ಬಹುಭಾಗವನ್ನು ಮಾರಿ ಕೆಂಟಕಿಯ ಸಾಲಗಾರರಿಗೆ ಸಲ್ಲಿಸಿದನು. 1820ರ ಸೆಪ್ಟೆಂಬರ್ 26ರಂದು ಮಗ ನೇಥನನ ಮನೆಯಲ್ಲಿ ಕಾಲವಾದನು.

ಬೂನನ ಈ ಸ್ಥಿತಿಗೆ ನಾವು ಮರುಗುವುದು ಯುಕ್ತವೇ. ಆದರೆ ಅವನ ಕೈಯಲ್ಲಿದ್ದುದು ದೋಷವುಳ್ಳ ಕಾಗದ. ಶಾನೀ ಜನರ ಕೈಯಲ್ಲಿ ಯಾವ ಕಾಗದವೂ ಇರಲಿಲ್ಲ. ಅವರನ್ನು ಎಲ್ಲೆಯಿಂದೆಲ್ಲೆಗೆ ಪಶ್ಚಿಮಕ್ಕೆ ನೂಕಲಾಯಿತು. ಬೂನನ ಅರ್ಜಿಗಾದರೂ ಒಂದು ಸಭೆಯು ಕಿವಿಗೊಟ್ಟಿತು. ಅವನನ್ನು ಮಗನೆಂದು ಕರೆದಿದ್ದ ಜನರಿಗೆ ಆ ಬೇಟೆಯ ಭೂಮಿಯನ್ನು ಹಿಂದಿರುಗಿಸಿದವರಿಲ್ಲ.